ಮೈಸೂರಿನ ಹೆಸರು ಬದಲಾದ ದಿನ: ದೊಡ್ಡ ತಂತ್ರಾಂಶದ ಕೋಡಿನ ರಿಪೇರಿ ಯಾಕಿಷ್ಟು ನಿಧಾನ?

2014ರ ನವೆಂಬರ್ 1ರಿಂದ ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ಕನ್ನಡದಲ್ಲಿ ನಮಗೇನೂ ಆಗಲಿಲ್ಲ. ಮೈಸೂರು ಅವತ್ತೂ ಮೈಸೂರೇ, ಇವತ್ತೂ ಮೈಸೂರೇ. ಇಂಗ್ಲಿಷಿನಲ್ಲಿ ಮಾತ್ರ ‘ಮೈಸೋರ್’ ಎದ್ದುಹೋಗಿ ‘ಮೈಸೂರು’ ಬಂದು ಕೂತಿತು. ನಾನಾಗ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಂಪನಿಯಲ್ಲಿ ಪಾವತಿ ತಂತ್ರಾಂಶವೊಂದನ್ನು ನೋಡಿಕೊಳ್ಳುತ್ತಿದ್ದೆ. ಹತ್ತು ವರ್ಷದಲ್ಲಿ ಹತ್ತಾರು ಕೈ ದಾಟಿ ಬಂದ, ಆರು ಲಕ್ಷ ಸಾಲಿನ ಆಸುಪಾಸಿನ ಕೋಡು. ಮ್ಯಾನೇಜರ್ ಬಂದು, ‘ಹೆಸರು ತಾನೇ ಕಣ್ರೀ, ಊಟದೊಳಗೆ ಮುಗಿಸಿಬಿಡಿ’ ಅಂದರು. ಊಟದೊಳಗೇ ಮುಗಿಸಿದೆ. ಹುಡುಕಿ ಬದಲಿಸುವ ಒಂದೇ ಸಾಲಿನ ಕಮಾಂಡು. ಎಂಟರ್ ಒತ್ತಿ ಕೈ ತೆಗೆಯುವಷ್ಟರಲ್ಲಿ ಕೆಲಸ ಆಗಿತ್ತು.

ಮಾರನೆಯ ದಿನ ಬೆಳಿಗ್ಗೆ ಹತ್ತೂವರೆಗೆ ಪಾವತಿಗಳು ನಿಂತವು. ಊರಿನ ಹೆಸರು ಬದಲಾಗಿತ್ತೇ ಹೊರತು ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನ ಇಂಗ್ಲಿಷ್ ಹೆಸರು ಬದಲಾಗಿರಲಿಲ್ಲ. 2017ರ ಏಪ್ರಿಲ್ 1ರಂದು ಎಸ್‌ಬಿಐನಲ್ಲಿ ಲೀನವಾಗುವವರೆಗೂ ಅದು ಹಳೆಯ ಕಾಗುಣಿತದಲ್ಲೇ ಇತ್ತು. ನಮ್ಮ ಕೋಡು ಮಾತ್ರ ರಾತ್ರೋರಾತ್ರಿ ಅದಕ್ಕೆ ಮರುನಾಮಕರಣ ಮಾಡಿತ್ತು. ಬ್ಯಾಂಕಿನ ಪಟ್ಟಿಗೂ ನಮ್ಮ ಪಟ್ಟಿಗೂ ತಾಳೆಯಾಗದೆ ಎಲ್ಲವೂ ವಾಪಸ್. ಮೈಸೂರು ವಿಶ್ವವಿದ್ಯಾನಿಲಯದ್ದೂ ಅದೇ ಕಥೆ: ವಿಳಾಸದಲ್ಲಿನ ಊರು ಬದಲಾಗಬೇಕಿತ್ತು, ಸಂಸ್ಥೆಯ ಹೆಸರು ಹಾಗೇ ಉಳಿಯಬೇಕಿತ್ತು. ಇವೆರಡೂ ಸಾಲದೆಂಬಂತೆ ಡೇಟಾಬೇಸಿನ ಒಂದು ಕಾಲಮ್ಮಿಗೇ ಯಾರೋ ಪುಣ್ಯಾತ್ಮರು ಊರಿನ ಹೆಸರಿಟ್ಟಿದ್ದರು. ಕೋಡಿನಲ್ಲಿ ಆ ಹೆಸರು ಬದಲಾಯಿತು, ಡೇಟಾಬೇಸಿನಲ್ಲಿ ಬದಲಾಗಲಿಲ್ಲ. ಅದು ಸಿಕ್ಕಿದ್ದು ಸಂಜೆಗೆ.

ಅಕ್ಷರ ಒಂದೇ, ಅರ್ಥ ಮೂರು. ಒಂದನ್ನು ಬದಲಿಸಲೇಬೇಕು, ಒಂದನ್ನು ಮುಟ್ಟಲೇಬಾರದು, ಇನ್ನೊಂದನ್ನು ಬದಲಿಸಬಹುದು, ಆದರೆ ಅದನ್ನು ನೆಚ್ಚಿಕೊಂಡವರೆಲ್ಲ ಒಟ್ಟಿಗೇ ಬದಲಾಗಬೇಕು. ದೊಡ್ಡ ಕೋಡ್‌ಬೇಸ್‌ಗಳನ್ನು (ಒಂದು ತಂತ್ರಾಂಶದ ಇಡೀ ಕೋಡನ್ನು) ಯಂತ್ರದಿಂದ ತಿದ್ದಿಸುವ ವಿದ್ಯೆ ಮೂವತ್ತು ವರ್ಷದಿಂದ ಒದ್ದಾಡುತ್ತಿರುವುದು ಈ ಮೂರನ್ನು ಬೇರ್ಪಡಿಸಲು. ಈಗ ಎಐ ಬಂದಿದೆ, ‘ಇನ್ನೇನು, ಹಳೇ ಕೋಡೆಲ್ಲ ತಾನೇ ಹೊಸದಾಗುತ್ತೆ’ ಎಂಬ ಮಾತು ನಮ್ಮ ಹೂಟಗಳ್ಳಿ, ಹೆಬ್ಬಾಳದ ಕ್ಯಾಂಟೀನುಗಳಲ್ಲೂ ಕೇಳಿಬರುತ್ತಿದೆ. ತಿದ್ದುವುದು ಅಗ್ಗವಾಗಿದೆ ಎಂಬುದು ನಿಜ. ತಿದ್ದಿದ್ದನ್ನು ನಂಬುವುದು ಮಾತ್ರ ಅಗ್ಗವಾಗಿಲ್ಲ. ವೇಗ ಬೇಕಾದವರು ಕೈ ಹಾಕಬೇಕಾದದ್ದು ಈ ಎರಡನೆಯದಕ್ಕೆ.

ಅಕ್ಷರ ನೋಡುವುದು, ಮರ ನೋಡುವುದು

ಹೊರಗಿನ ನಡವಳಿಕೆ ಕೂದಲಷ್ಟೂ ಬದಲಾಗದಂತೆ ಒಳಗಿನ ಕಟ್ಟಡವನ್ನು ಸರಿಪಡಿಸುವುದಕ್ಕೆ ರೀಫ್ಯಾಕ್ಟರಿಂಗ್ ಎನ್ನುತ್ತಾರೆ. 1992ರಲ್ಲಿ ವಿಲಿಯಂ ಆಪ್ಡೈಕ್ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಇದರ ಮೇಲೆ ಪಿಎಚ್‌ಡಿ ಪ್ರಬಂಧ ಬರೆದರು. ಅವರ ಮುಖ್ಯ ಒಳನೋಟ ಸರಳ: ಪ್ರತಿ ಬದಲಾವಣೆಗೂ ಮೊದಲು ಪೂರೈಸಬೇಕಾದ ಷರತ್ತುಗಳಿರುತ್ತವೆ. ಒಂದು ವೇರಿಯಬಲ್‌ಗೆ (ಮೌಲ್ಯ ಹಿಡಿದಿಡುವ ಹೆಸರು) ಹೊಸ ಹೆಸರಿಡುವ ಮುನ್ನ ಅದೇ ಆವರಣದಲ್ಲಿ ಆ ಹೆಸರಿನವರು ಬೇರೆ ಯಾರೂ ಇರಬಾರದು. ಷರತ್ತು ಸರಿಯಿದ್ದರೆ ನಡವಳಿಕೆ ಕೆಡುವುದಿಲ್ಲ. ಇದೇ ಇಲಿನಾಯ್‌ನಲ್ಲಿ ಜಾನ್ ಬ್ರಾಂಟ್ ಮತ್ತು ಡಾನ್ ರಾಬರ್ಟ್ಸ್ ಸ್ಮಾಲ್‌ಟಾಕ್ ಭಾಷೆಗೆ ಮೊದಲ ಉಪಯುಕ್ತ ಸಾಧನ ಕಟ್ಟಿದರು. 1999ರಲ್ಲಿ ಮಾರ್ಟಿನ್ ಫೌಲರ್ ಪುಸ್ತಕ ಬಂದ ಮೇಲೆ ಪದ ಮನೆಮಾತಾಯಿತು. ಇವತ್ತು ರೈಟ್ ಕ್ಲಿಕ್ ಮಾಡಿ ‘ರೀನೇಮ್’ ಒತ್ತುವ ಹುಡುಗರಿಗೆ ಅದರ ಹಿಂದೆ ಒಂದು ಪ್ರಬಂಧ ಇದೆ ಅಂತಲೂ ಗೊತ್ತಿರುವುದಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ ಬಿಡಿ.

ನನ್ನ ಕಮಾಂಡು ನೋಡಿದ್ದು ಬರೀ ಅಕ್ಷರ. ಒಳ್ಳೆಯ ಸಾಧನ ಮೊದಲು ಕೋಡನ್ನು ಮರವಾಗಿ ಬಿಡಿಸಿಕೊಳ್ಳುತ್ತದೆ: ಇದು ಫಂಕ್ಷನ್ (ಒಂದು ಕೆಲಸ ಮಾಡುವ ಕೋಡಿನ ತುಂಡು), ಇದು ಅದಕ್ಕೆ ಕೊಟ್ಟ ಮೌಲ್ಯ, ಇದು ಉದ್ಧರಣ ಚಿಹ್ನೆಯೊಳಗಿನ ಪಠ್ಯ, ಇದು ಯಂತ್ರಕ್ಕಲ್ಲದೆ ಓದುವವರಿಗೆ ಬರೆದ ಕಾಮೆಂಟು. ಅದರ ಮೇಲೆ ಇನ್ನೊಂದು ಮೆಟ್ಟಿಲು ಹತ್ತಿ, ಪ್ರತಿ ಹೆಸರೂ ಎಲ್ಲಿ ಘೋಷಿಸಿದ್ದು, ಅದರ ಟೈಪ್, ಅಂದರೆ ಮೌಲ್ಯದ ಬಗೆ, ಯಾವುದು ಎಂದು ಮರದ ಎಲೆ ಎಲೆಗೂ ಚೀಟಿ ಅಂಟಿಸುತ್ತದೆ. ಈ ಚೀಟಿಗಳೇ ಚಿನ್ನ. ಖರ್ಚು ಇರುವುದೂ ಅಲ್ಲೇ, ಯಾಕೆಂದರೆ ಚೀಟಿ ಸರಿಯಾಗಿ ಅಂಟಬೇಕಾದರೆ ಹೆಚ್ಚುಕಡಿಮೆ ಇಡೀ ಪ್ರಾಜೆಕ್ಟನ್ನು ಕಂಪೈಲ್ ಮಾಡಬೇಕು, ಅಂದರೆ ಯಂತ್ರ ಓಡಿಸುವ ರೂಪಕ್ಕೆ ತರಬೇಕು.

ಮಂಡ್ಯ ಸೀಮೆಯ ಉದಾಹರಣೆ ತೆಗೆದುಕೊಂಡರೆ ಚೀಟಿಯ ಬೆಲೆ ತಿಳಿಯುತ್ತದೆ. ಕೇಂದ್ರ ಸರ್ಕಾರ ಕಬ್ಬಿಗೆ ಎಫ್‌ಆರ್‌ಪಿ (ನ್ಯಾಯಯುತ ಮತ್ತು ಲಾಭದಾಯಕ ಬೆಲೆ) ನಿಗದಿ ಮಾಡುವುದು ಕ್ವಿಂಟಲ್ ಲೆಕ್ಕದಲ್ಲಿ. 2024-25ರ ಹಂಗಾಮಿಗೆ ಶೇ 10.25 ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 340 ರೂಪಾಯಿ. ಗದ್ದೆ ಬದುವಿನ ಮೇಲೆ, ಕಾರ್ಖಾನೆ ಗೇಟಿನ ಮುಂದೆ ಯಾರೂ ಕ್ವಿಂಟಲ್ ಮಾತಾಡುವುದಿಲ್ಲ, ‘ಟನ್ನಿಗೆ ಎಷ್ಟು’ ಅಂತಲೇ ಕೇಳುವುದು. ಈಗ ಕಬ್ಬಿನ ಲೆಕ್ಕದ ಒಂದು ಹಳೆಯ ತಂತ್ರಾಂಶ ಇದೆ ಅಂದುಕೊಳ್ಳಿ. ಅದರಲ್ಲಿ ‘ದರ’ ಅಂತ ಒಂದು ಸಂಖ್ಯೆ. ಕೆಲವೆಡೆ ಅದು ಕ್ವಿಂಟಲ್ ದರ, ಕೆಲವೆಡೆ ಯಾರೋ ಹತ್ತರಿಂದ ಗುಣಿಸಿಟ್ಟ ಟನ್ ದರ. ಎಲ್ಲವನ್ನೂ ಟನ್ನಿಗೆ ತರಬೇಕು. ‘ದರ’ ಎಂಬ ಪದ ಹುಡುಕಿದರೆ ಅರ್ಧವೂ ಸಿಗುವುದಿಲ್ಲ, ಯಾಕೆಂದರೆ ಆ ಸಂಖ್ಯೆ ಒಂದು ಫಂಕ್ಷನ್ನಿನಿಂದ ಇನ್ನೊಂದಕ್ಕೆ ಹೋಗುವಾಗ ‘ಮೌಲ್ಯ’ ಆಗುತ್ತದೆ, ಮುಂದೆ ಎಲ್ಲೋ ಬರೀ ‘ಎಕ್ಸ್’ ಆಗುತ್ತದೆ. ಒಂದು ಜಾಗ ತಪ್ಪಿದರೂ 15 ಟನ್ನಿನ ಒಂದು ಲೋಡಿಗೆ 51,000 ರೂಪಾಯಿ ಬರಬೇಕಾದ ಕಡೆ 5,100 ಬರುತ್ತದೆ, ಇಲ್ಲವೇ 5,10,000. ಎರಡನೆಯದಾದರೆ ರೈತರು ಬಾಯಿಬಿಡದೆ ಸುಮ್ಮನಿರಬಹುದು. ಮೊದಲನೆಯದಾದರೆ ಕಾರ್ಖಾನೆ ಮುಂದೆ ಟ್ರ್ಯಾಕ್ಟರ್ ಅಡ್ಡ ನಿಲ್ಲುತ್ತವೆ.

ಇದಕ್ಕೆ ಅನುಭವಸ್ಥರು ಮಾಡುವ ಉಪಾಯ ನೇರವಾಗಿ ತಿದ್ದಲು ಹೋಗದಿರುವುದು. ಮೊದಲು ‘ಕ್ವಿಂಟಲ್ ದರ’, ‘ಟನ್ ದರ’ ಎಂದು ಎರಡು ಬೇರೆ ಬೇರೆ ಟೈಪ್ ಮಾಡುತ್ತಾರೆ. ಸಂಖ್ಯೆ ಎರಡೂ ಸಂಖ್ಯೆಯೇ; ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಕಂಪೈಲರ್ ಒಪ್ಪುವುದಿಲ್ಲ. ಆಮೇಲೆ ಬಿಲ್ಡ್ ಓಡಿಸಿ (ಇಡೀ ಕೋಡನ್ನು ಕಂಪೈಲ್ ಮಾಡಿಸಿ), ಎಲ್ಲೆಲ್ಲಿ ಕಿರುಚುತ್ತದೋ ಅಲ್ಲಲ್ಲಿ ಹೋಗಿ ನೋಡುವುದು. ಹುಡುಕುವ ಕೂಲಿಯನ್ನು ಕಂಪೈಲರಿನ ತಲೆಗೆ ಕಟ್ಟಿದ ಹಾಗಾಯಿತು. ಯಂತ್ರದಿಂದ ಮಾಡಿಸಬೇಕಾದ ರಿಪೇರಿಯಲ್ಲಿ ಇದಕ್ಕಿಂತ ಲಾಭದ ಮೊದಲ ಹೆಜ್ಜೆ ನಾನು ಕಂಡಿಲ್ಲ.

ಎರಡು ನೂರು ಕೋಟಿ ಸಾಲು

ಆರು ಲಕ್ಷ ಸಾಲಿಗೆ ಇಷ್ಟು ಪಾಡು. ಗೂಗಲ್ಲಿನ ಎಂಜಿನಿಯರುಗಳು 2016ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, 2015ರ ಜನವರಿಯಲ್ಲಿ ಅವರ ಒಂದೇ ಉಗ್ರಾಣದಲ್ಲಿ 200 ಕೋಟಿ ಸಾಲು ಕೋಡು, 90 ಲಕ್ಷ ಸೋರ್ಸ್ ಕಡತಗಳು ಇದ್ದವು. ಇಂಥದ್ದನ್ನು ಒಂದು ಕಂಪ್ಯೂಟರಿನಲ್ಲಿ ಮರ ಮಾಡಿ ಕೂರಲಾಗದು. 2013ರಲ್ಲಿ ಅವರು ವಿವರಿಸಿದ ಕ್ಲ್ಯಾಂಗ್‌ಎಂಆರ್ ಎಂಬ ಸಾಧನ, ಸಿ++ ಭಾಷೆಯ ಕೋಡನ್ನು ಸಾವಿರಾರು ಯಂತ್ರಗಳಿಗೆ ಹಂಚಿ ಏಕಕಾಲಕ್ಕೆ ಮರ ಮಾಡಿಸುತ್ತದೆ. ಪ್ರತಿ ಯಂತ್ರವೂ ‘ಈ ಕಡತದ ಇಂಥ ಜಾಗದಲ್ಲಿ ಇಷ್ಟು ಬದಲಿಸಿ’ ಎಂಬ ಸೂಚನೆ ಬರೆದುಕೊಡುತ್ತದೆ, ಕೊನೆಗೆ ಸೂಚನೆಗಳನ್ನೆಲ್ಲ ಒಟ್ಟುಮಾಡಿ ಒಂದೇ ಸಲ ತಿದ್ದುವುದು.

ಅಷ್ಟು ಯಂತ್ರ ಇಲ್ಲದವರಿಗೂ ದಾರಿಗಳಿವೆ. ಮೊದಲನೆಯದು ಜರಡಿ. ದುಬಾರಿ ವಿಶ್ಲೇಷಣೆಗೆ ಮುನ್ನ ಅಗ್ಗದ ಪಠ್ಯ ಹುಡುಕಾಟ ಮಾಡಿ, ಆ ಹೆಸರು ಸುಳಿಯದ ಕಡತಗಳನ್ನೆಲ್ಲ ಆಚೆ ಹಾಕುವುದು. ಹತ್ತು ಸಾವಿರ ಕಡತದಲ್ಲಿ ಇನ್ನೂರು ಉಳಿದರೆ, ಚೀಟಿ ಅಂಟಿಸುವ ಕೆಲಸ ಆ ಇನ್ನೂರಕ್ಕೆ ಮತ್ತು ಅವು ಅವಲಂಬಿಸಿದವಕ್ಕೆ ಸಾಕು. ಎರಡನೆಯದು, ಒಮ್ಮೆ ಕಟ್ಟಿದ ಮರವನ್ನು ಎಸೆಯದೆ ಇಟ್ಟುಕೊಂಡು, ಬದಲಾದ ಕಡತಗಳದ್ದನ್ನು ಮಾತ್ರ ಮತ್ತೆ ಕಟ್ಟುವುದು. ನೆಟ್‌ಫ್ಲಿಕ್ಸ್‌ನಲ್ಲಿ ಬೀಜ ಮೊಳೆತು ಆಮೇಲೆ ಓಪನ್‌ರೀರೈಟ್ ಎಂದು ಬೆಳೆದ, ಜಾವಾ ಭಾಷೆಯ ಸಾಧನ ಟೈಪ್ ಮಾಹಿತಿಯ ಜೊತೆಗೆ ಖಾಲಿ ಜಾಗ, ಕಾಮೆಂಟು, ಸಾಲು ಮುರಿದ ರೀತಿ ಎಲ್ಲವನ್ನೂ ಮರದಲ್ಲೇ ಕಾಪಾಡುತ್ತದೆ. ಇದು ಸಣ್ಣ ವಿಷಯ ಅನ್ನಿಸಬಹುದು. ಅಲ್ಲ. ಒಂದು ಪದ ಬದಲಿಸಲು ಹೋದ ಯಂತ್ರ ಇಡೀ ಕಡತದ ಇಂಡೆಂಟೇಶನ್ (ಸಾಲಿನ ಮುಂದಿನ ಖಾಲಿ ಜಾಗ) ಬದಲಿಸಿಟ್ಟರೆ, ರಿವ್ಯೂ ಮಾಡುವವರ, ಅಂದರೆ ತಿದ್ದಿದ್ದನ್ನು ಓದಿ ಒಪ್ಪುವವರ, ಮುಂದೆ ಅಳಿಸಿದ್ದು ಕೆಂಪು, ಸೇರಿಸಿದ್ದು ಹಸಿರು ಅಂತ ನಾನೂರು ಸಾಲು ಬೀಳುತ್ತದೆ. ಅವರು ನಾಲ್ಕನ್ನು ಓದಿ, ಉಳಿದದ್ದಕ್ಕೆ ಕಣ್ಣು ಮುಚ್ಚಿ ‘ಓಕೆ’ ಒತ್ತುತ್ತಾರೆ. ನಾನೂ ಒತ್ತಿದ್ದೇನೆ.

ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್ಲಿನವರು ಬೇರೆ ಹಾದಿ ಹಿಡಿದರು. ಜೂಲಿಯಾ ಲಾಲ್ ಮತ್ತು ಸಂಗಡಿಗರ ಕಾಕ್ಸಿನೆಲ್ ಎಂಬ ಸಾಧನದಲ್ಲಿ ಬದಲಾವಣೆಯನ್ನು ಪ್ಯಾಚಿನ ರೂಪದಲ್ಲೇ ಬರೆಯಬಹುದು: ತೆಗೆಯಬೇಕಾದ ಸಾಲಿಗೆ ಮೈನಸ್, ಸೇರಿಸಬೇಕಾದ್ದಕ್ಕೆ ಪ್ಲಸ್, ನಡುವೆ ಏನಾದರೂ ಇರಲಿ ಅನ್ನುವುದಕ್ಕೆ ಮೂರು ಚುಕ್ಕಿ. ನೂರಾರು ಡ್ರೈವರುಗಳಲ್ಲಿ (ಕಂಪ್ಯೂಟರಿನ ಭಾಗಗಳನ್ನು ನಡೆಸುವ ತಂತ್ರಾಂಶಗಳಲ್ಲಿ) ಒಂದೇ ಬಗೆಯ ತಿದ್ದುಪಡಿ ಬೇಕಾದಾಗ ಇಂಥ ಹತ್ತು ಸಾಲು ಸಾಕು. ಕರ್ನಲ್ಲಿನವರು ಇದನ್ನು ಒಪ್ಪಿಕೊಂಡದ್ದಕ್ಕೆ ಕಾರಣ ಅವರಿಗೆ ಪ್ಯಾಚ್ ಓದಿ ಅಭ್ಯಾಸ ಇತ್ತು ಅನ್ನುವುದೇ ಇರಬೇಕು ಅಂತ ನನ್ನ ಊಹೆ. ಹೊಸ ಸಾಧನ ಬರುವಾಗ ಜನರ ಹಳೆಯ ಕೈರೂಢಿಯ ಬೆನ್ನ ಮೇಲೆ ಹತ್ತಿ ಬಂದರೆ ಅರ್ಧ ಕೆಲಸ ಆದಂತೆ.

ಎಕ್ಸ್‌ಪ್ರೆಸ್‌ವೇ ಮತ್ತು ಕೆಂಗೇರಿ

ತಿದ್ದುವ ವೇಗ ಹೀಗೆ ಏರುತ್ತ ಬಂತು. ಒಟ್ಟು ಸಮಯ ಅಷ್ಟೇ ಇಳಿಯಿತೇ ಅಂದರೆ, ಇಲ್ಲ. ಮೈಸೂರಿನವರಿಗೆ ಇದನ್ನು ವಿವರಿಸುವುದು ಸುಲಭ. 2023ರ ಮಾರ್ಚ್‌ನಲ್ಲಿ ದಶಪಥ ಉದ್ಘಾಟನೆಯಾದ ಮೇಲೆ ಬೆಂಗಳೂರು ಒಂದೂಕಾಲು ಗಂಟೆ ಎಂದರು. ಕೆಂಗೇರಿ ಮುಟ್ಟಲು ನಿಜಕ್ಕೂ ಹಾಗೇ. ಕೆಂಗೇರಿಯಿಂದ ಮೆಜೆಸ್ಟಿಕ್‌ಗೆ ಎಷ್ಟು ಹೊತ್ತು ಅಂತ ಮಾತ್ರ ಕೇಳಬೇಡಿ. ಕಂಪ್ಯೂಟರ್ ಲೋಕದಲ್ಲಿ ಇದೇ ಮಾತನ್ನು ಜೀನ್ ಆಮ್ಡಾಲ್ 1967ರಲ್ಲೇ ಲೆಕ್ಕ ಹಾಕಿ ಹೇಳಿದ್ದರು: ವೇಗವಾಗದೆ ಉಳಿದ ಭಾಗವೇ ಒಟ್ಟು ಲಾಭದ ಮಿತಿ. ತಿದ್ದುವುದು ಒಟ್ಟು ಸಮಯದ ಹತ್ತನೇ ಒಂದು ಪಾಲಾಗಿದ್ದರೆ, ಅದನ್ನು ಕ್ಷಣಮಾತ್ರದಲ್ಲಿ ಮುಗಿಸಿದರೂ ಉಳಿತಾಯವಾಗುವುದು ಆ ಹತ್ತನೇ ಒಂದೇ.

ಉಳಿದ ಒಂಬತ್ತು ಪಾಲು ಎಲ್ಲಿ? ಕೋಡು ಸರಿಯಿದೆಯೇ ಎಂದು ನೋಡುವ ಟೆಸ್ಟ್ ಓಡಿಸುವುದರಲ್ಲಿ, ರಿವ್ಯೂಗೆ ಕಾಯುವುದರಲ್ಲಿ, ಮರ್ಜ್ ಜಗಳದಲ್ಲಿ. ಐದು ಸಾವಿರ ಕಡತ ತಿದ್ದಿದ ಒಂದೇ ದೊಡ್ಡ ಬದಲಾವಣೆ ಒಪ್ಪಿಗೆಗೆ ಕಾಯುತ್ತ ಕೂತರೆ, ಅಷ್ಟರಲ್ಲಿ ಬೇರೆಯವರು ಅದೇ ಕಡತಗಳನ್ನು ಮುಟ್ಟಿರುತ್ತಾರೆ. ಸೋಮವಾರ ಸರಿಯಿದ್ದದ್ದು ಗುರುವಾರಕ್ಕೆ ಹಳಸಿರುತ್ತದೆ. ಗೂಗಲ್ ಇದಕ್ಕೆ ರೋಸಿ ಎಂಬ ವ್ಯವಸ್ಥೆ ಮಾಡಿತು: ದೊಡ್ಡ ಬದಲಾವಣೆಯನ್ನು ಕೋಡಿನ ಒಡೆಯರ ಪ್ರಕಾರ ತುಂಡು ಮಾಡಿ, ಒಂದೊಂದನ್ನೂ ಪ್ರತ್ಯೇಕ ಪರೀಕ್ಷಿಸಿ, ಆಯಾ ತಂಡಕ್ಕೆ ಕಳಿಸಿ, ಒಪ್ಪಿಗೆ ಬಂದದ್ದನ್ನು ತಾನೇ ಸೇರಿಸುವುದು. ವಿಶ್ವೇಶ್ವರಯ್ಯ ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಸರದಿಯಂತೆ, ನೀರು ಬಿಡುವುದನ್ನು ಕಂಡವರಿಗೆ ಇದು ಹೊಸದೇನಲ್ಲ. ಒಂದೇ ಸಲ ಎಲ್ಲ ತೂಬು ಎತ್ತಿದರೆ ಕೊನೇ ಭಾಗದ ಗದ್ದೆಗೆ ನೀರೂ ತಲುಪುವುದಿಲ್ಲ, ಜಗಳವೂ ತಪ್ಪುವುದಿಲ್ಲ.

ಹೀಗೆ ತುಂಡಾಗಿ ಹೋಗಬೇಕಾದರೆ ಹಳೆಯದೂ ಹೊಸದೂ ಕೆಲಕಾಲ ಒಟ್ಟಿಗೆ ಬದುಕಬೇಕು. ಮೊದಲು ಹೊಸ ಫಂಕ್ಷನ್ ಸೇರಿಸುವುದು, ಹಳೆಯದು ಒಳಗೊಳಗೇ ಹೊಸದನ್ನು ಕರೆಯುವಂತೆ ಮಾಡುವುದು, ಬಳಸುವವರನ್ನು ಒಬ್ಬೊಬ್ಬರಾಗಿ ಸಾಗಿಸುವುದು, ಕಡೆಗೆ ಯಾರೂ ಇಲ್ಲವೆಂದಾಗ ಹಳೆಯದರ ಬಾಗಿಲು ಮುಚ್ಚುವುದು. ಕಡೆಯ ಹಂತವನ್ನೇ ಎಲ್ಲರೂ ಮರೆಯುವುದು. ಮರೆತರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್‌ನ 2012ರ ಆಗಸ್ಟ್ 1ರ ಪ್ರಕರಣ ಇದೆ. ವರ್ಷಗಟ್ಟಲೆ ಬಳಸದೆ ಬಿಟ್ಟಿದ್ದ ಹಳೆಯ ಕೋಡನ್ನು ಚಾಲೂ ಮಾಡುವ ಗುರುತನ್ನು ಹೊಸ ಕೆಲಸಕ್ಕೆ ಮರುಬಳಸಿದ್ದರು. ಎಂಟು ಸರ್ವರುಗಳಲ್ಲಿ ಒಂದಕ್ಕೆ ಹೊಸ ಕೋಡು ಹೋಗಿರಲಿಲ್ಲ. ಅಲ್ಲಿ ಸತ್ತ ಕೋಡು ಎದ್ದು ಕೂತು ಷೇರು ಖರೀದಿ-ಮಾರಾಟಕ್ಕೆ ತೊಡಗಿತು. ಮುಕ್ಕಾಲು ಗಂಟೆಯಲ್ಲಿ 44 ಕೋಟಿ ಡಾಲರ್ ನಷ್ಟ. ಸತ್ತದ್ದನ್ನು ತಿದ್ದುವುದಕ್ಕಿಂತ ತೆಗೆಯುವುದು ಮೇಲು. ಗೂಗಲ್ಲಿನಲ್ಲಿ ಬಳಕೆಯಿಲ್ಲದ ಕೋಡನ್ನು ಹುಡುಕಿ ಅಳಿಸುವುದಕ್ಕೇ ಒಂದು ವ್ಯವಸ್ಥೆ ಇದೆ. 2023ರಲ್ಲಿ ಅವರು ಹೇಳಿದಂತೆ ಅಲ್ಲಿಯವರೆಗೆ ಅದು ಕಂಪನಿಯ ಸಿ++ ಕೋಡಿನ ಹತ್ತಿರ ಹತ್ತಿರ ಶೇ 5ರಷ್ಟನ್ನು ಅಳಿಸಿತ್ತು. ತಿದ್ದಬೇಕಾದ ರಾಶಿಯೇ ಅಷ್ಟು ಕಡಿಮೆಯಾಯಿತು.

ಟೆಸ್ಟುಗಳ ವಿಷಯದಲ್ಲೂ ಜರಡಿಯೇ ಉಪಾಯ. ಎರಡು ಪ್ರೋಗ್ರಾಮುಗಳು ಒಂದೇ ಕೆಲಸ ಮಾಡುತ್ತವೆಯೇ ಎಂದು ಎಲ್ಲ ಸಂದರ್ಭದಲ್ಲೂ ತೀರ್ಪು ಕೊಡುವ ಪ್ರೋಗ್ರಾಂ ಬರೆಯಲಾಗದು ಎಂಬುದು ಗಣಿತದಲ್ಲಿ ಸಾಬೀತಾದ ಮಾತು, ಹಾಗಾಗಿ ಟೆಸ್ಟ್ ಬಿಟ್ಟರೆ ಗತಿಯಿಲ್ಲ. ಆದರೆ ಪ್ರತಿ ತುಂಡಿಗೂ ಎಲ್ಲ ಟೆಸ್ಟನ್ನೂ ಓಡಿಸುವುದು ಹಣ ಸುಡುವ ದಾರಿ. ಬದಲಾದ ಕಡತವನ್ನು ನೆಚ್ಚಿಕೊಂಡ ಟೆಸ್ಟುಗಳನ್ನಷ್ಟೇ ಬಿಲ್ಡಿನ ನಂಟು ನೋಡಿ ಆರಿಸಬಹುದು. ಫೇಸ್‌ಬುಕ್‌ನವರು ಇನ್ನೂ ಮುಂದೆ ಹೋಗಿ, ಹಿಂದಿನ ಸೋಲುಗಳಿಂದ ಕಲಿತ ಮಾದರಿಯೊಂದು ಟೆಸ್ಟ್ ಆರಿಸುವಂತೆ ಮಾಡಿದರು. ಪರೀಕ್ಷೆಯ ಖರ್ಚು ಅರ್ಧಕ್ಕಿಳಿಯಿತು. ಕೆಟ್ಟ ಬದಲಾವಣೆಗಳಲ್ಲಿ ಶೇ 99.9ಕ್ಕೂ ಹೆಚ್ಚು ಆಗಲೂ ಸಿಕ್ಕಿಬಿದ್ದವು ಎಂಬುದು ಅವರದೇ ವರದಿ.

ಎಐ ಕೈಯಲ್ಲಿ ಕರಣೆ ಕೊಟ್ಟಾಗ

ಈಗಿನ ಸದ್ದಿಗೆ ಬರೋಣ. ಅಮೆಜಾನಿನ ಮುಖ್ಯಸ್ಥ ಆ್ಯಂಡಿ ಜಾಸಿ 2024ರ ಆಗಸ್ಟ್‌ನಲ್ಲಿ ಹೇಳಿದ್ದು: ಒಂದು ಅಪ್ಲಿಕೇಶನ್ನನ್ನು ಜಾವಾ 17ಕ್ಕೆ ಏರಿಸಲು ಹಿಡಿಯುತ್ತಿದ್ದ ಸುಮಾರು 50 ದಿನಗಳ ದುಡಿಮೆ ತಮ್ಮ ಎಐ ಸಾಧನದಿಂದ ಕೆಲವೇ ಗಂಟೆಗೆ ಇಳಿದಿದೆ, ಒಟ್ಟು 4,500 ಮಾನವ-ವರ್ಷ ಉಳಿದಿದೆ. ತಾನು ಮಾರುವ ಸರಕನ್ನು ತಾನೇ ಹೊಗಳಿದ್ದು ಎಂಬುದು ಲೆಕ್ಕದಲ್ಲಿರಲಿ. ಜಾವಾ ಆವೃತ್ತಿ ಏರಿಸುವುದು ಗಡಿ ಗುರುತು ಸ್ಪಷ್ಟವಿರುವ ಕೆಲಸ ಎಂಬುದೂ ಇರಲಿ.

ನನಗೆ ಹೆಚ್ಚು ಹೇಳಿದ್ದು ವಸತಿ ಕಾಯ್ದಿರಿಸುವ ಕಂಪನಿ ಏರ್‌ಬಿಎನ್‌ಬಿಯ ಲೆಕ್ಕ. ಸುಮಾರು 3,500 ಟೆಸ್ಟ್ ಕಡತಗಳನ್ನು ಹಳೆಯ ಲೈಬ್ರರಿಯಿಂದ (ಸಿದ್ಧ ಕೋಡಿನ ಸಂಗ್ರಹ) ಹೊಸದಕ್ಕೆ ಸಾಗಿಸುವ ಕೆಲಸ. ಕೈಯಿಂದಾದರೆ ಒಂದೂವರೆ ವರ್ಷ ಎಂದು ಅಂದಾಜಿತ್ತು, ಆರು ವಾರದಲ್ಲಿ ಮುಗಿಸಿದರು. ಮೊದಲ ನಾಲ್ಕು ಗಂಟೆಯೊಳಗೆ ಶೇ 75 ಆಗಿತ್ತು. ಅಲ್ಲಿಂದ ಶೇ 97ಕ್ಕೆ ಏರಲು ನಾಲ್ಕು ದಿನ. ಉಳಿದ ಶೇ 3ನ್ನು ಮನುಷ್ಯರು ಕೂತು ಮುಗಿಸಿದರು. ಗೋಡೆ ಕಟ್ಟಿದಷ್ಟು ಬೇಗ ಮೂಲೆ ಗಾರೆ ಆಗುವುದಿಲ್ಲ ಅನ್ನುವುದು ಯಾವ ಮೇಸ್ತ್ರಿಯನ್ನು ಕೇಳಿದರೂ ಗೊತ್ತಾಗುತ್ತದೆ.

ಗೂಗಲ್ಲಿನ ಇತ್ತೀಚಿನ ವರದಿಯಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಮೂವರು ಎಂಜಿನಿಯರುಗಳು ಹನ್ನೆರಡು ತಿಂಗಳಲ್ಲಿ ಕೋಡನ್ನು ಹಳೆಯ ರೂಪದಿಂದ ಹೊಸದಕ್ಕೆ ಸಾಗಿಸುವ 39 ಬಗೆಯ ಸ್ಥಳಾಂತರ ಮಾಡಿದರು, 595 ಬದಲಾವಣೆ ಒಳಗೆ ಹೋದವು, ಅದರಲ್ಲಿ ಶೇ 74.45ರಷ್ಟನ್ನು ಎಐನ ಭಾಷಾ ಮಾದರಿಯೇ ಬರೆದಿತ್ತು. ಸಮಯ ಎಷ್ಟು ಉಳಿಯಿತು ಎಂದರೆ ಅವರದೇ ಅಂದಾಜಿನಲ್ಲಿ ಅರ್ಧ. ಮುಕ್ಕಾಲು ಪಾಲು ಯಂತ್ರ ಬರೆದರೂ ಉಳಿದದ್ದು ಅರ್ಧ ಸಮಯ. ನಡುವಿನ ಕಾಲು ಪಾಲು ಎಲ್ಲಿ ಹೋಯಿತು ಎಂದು ಹುಡುಕುವವರು ಮತ್ತೆ ಕೆಂಗೇರಿಗೇ ಬರಬೇಕಾಗುತ್ತದೆ.

ಆದ್ದರಿಂದ ನನ್ನ ಪಕ್ಷ ಇದು: ಮಾದರಿಯ ಕೈಯಲ್ಲಿ ಮೂರು ಸಾವಿರ ಕಡತ ತಿದ್ದಿಸುವುದಕ್ಕಿಂತ, ಆ ಮೂರು ಸಾವಿರವನ್ನು ತಿದ್ದುವ ನಿಯಮವನ್ನು ಅದರಿಂದ ಬರೆಸಿ. ಓಪನ್‌ರೀರೈಟ್‌ಗೋ ಕಾಕ್ಸಿನೆಲ್‌ಗೋ ಬೇಕಾದ ಐವತ್ತು ಸಾಲು. ಆ ಐವತ್ತನ್ನು ಒಬ್ಬ ಹಿರಿಯರು ಒಂದು ಬೆಳಿಗ್ಗೆಯಲ್ಲಿ ಓದಿ ಒಪ್ಪಬಹುದು. ನಾಳೆಯೂ ಅದು ಅದೇ ಉತ್ತರ ಕೊಡುತ್ತದೆ. ಮಾದರಿ ನೇರವಾಗಿ ತಿದ್ದಿದ ಮೂರು ಸಾವಿರ ಕಡತದಲ್ಲಿ 1,842ನೆಯದರಲ್ಲಿ ಮಾತ್ರ ಏನೋ ಜಾಣತನ ಮಾಡಿರಬಹುದು, ಅದನ್ನು ಹಿಡಿಯಲು ಮೂರು ಸಾವಿರವನ್ನೂ ಓದಬೇಕು. ನಿಯಮಕ್ಕೆ ಸಿಗದ ಚಿಲ್ಲರೆ ಪ್ರಕರಣಗಳನ್ನು ಮಾದರಿಗೆ ನೇರವಾಗಿ ಕೊಡಿ, ಅಲ್ಲಿ ಅದು ನಿಜಕ್ಕೂ ಉಪಕಾರಿ.

ಇದನ್ನು ನಮ್ಮೂರಿನಲ್ಲಿ ಮಾಡುವುದಕ್ಕೆ ಅಡ್ಡಿ ತಂತ್ರಜ್ಞಾನದ್ದಲ್ಲ. ಇಲ್ಲಿನ ಬಹುಪಾಲು ಕೆಲಸ ಬೇರೆಯವರ ಹಳೆಯ ಕೋಡನ್ನು ಸಾಕುವುದು. ಬಿಲ್ಲು ತಲೆ ಎಣಿಸಿ, ಗಂಟೆ ಎಣಿಸಿ ಹೋಗುತ್ತದೆ. ಹತ್ತು ಜನ ಆರು ತಿಂಗಳು ಮಾಡುವುದನ್ನು ಇಬ್ಬರು ಮೂರು ವಾರದಲ್ಲಿ ಮುಗಿಸಿದರೆ ಯಾರ ಲಾಭಕ್ಕೆ ಎಂಬ ಪ್ರಶ್ನೆಗೆ ಕರಾರಿನಲ್ಲಿ ಉತ್ತರವೇ ಇರುವುದಿಲ್ಲ. ಇನ್ನು ಕಾಲೇಜುಗಳು. ಮೈಸೂರು, ಮಂಡ್ಯದ ಎಂಜಿನಿಯರಿಂಗ್ ಹುಡುಗರನ್ನು ಸಂದರ್ಶನ ಮಾಡುವಾಗ ನಾನು ಕೇಳುವುದುಂಟು, ‘ಬೇರೆಯವರು ಬರೆದ ಹತ್ತು ಸಾವಿರ ಸಾಲು ಯಾವತ್ತಾದರೂ ಓದಿದ್ದೀಯೇನಪ್ಪ?’ ಎಂದು. ನಾಲ್ಕು ವರ್ಷ ಖಾಲಿ ಕಡತದಿಂದಲೇ ಶುರು ಮಾಡಿದ ಮಕ್ಕಳು ಅವರು. ಕೆಲಸಕ್ಕೆ ಸೇರಿದ ದಿನದಿಂದ ಖಾಲಿ ಕಡತ ಅವರ ಕಣ್ಣಿಗೆ ಬೀಳುವುದಿಲ್ಲ.

ನಮ್ಮ ಮೈಸೂರಿನ ವಿಷಯ ಕಡೆಗೆ ಹೇಗೆ ಮುಗಿಯಿತೆಂದರೆ, ಮುಗಿಯಲಿಲ್ಲ. ಬದಲಾವಣೆಯನ್ನೆಲ್ಲ ವಾಪಸ್ ತೆಗೆದು, ಊರಿನ ಹೆಸರುಗಳನ್ನು ಒಂದು ಕೋಷ್ಟಕಕ್ಕೆ ಸರಿಸಿ, ಬ್ಯಾಂಕು-ಸಂಸ್ಥೆಗಳ ಹೆಸರನ್ನು ಇನ್ನೊಂದಕ್ಕೆ ಹಾಕಿ, ಕಾಲಮ್ಮಿಗೆ ಊರಿನ ಹೆಸರು ಬಿಟ್ಟು ಬೇರೆ ಹೆಸರಿಟ್ಟೆವು. ಏಳು ವಾರ ಹಿಡಿಯಿತು. ಬಿಡುಗಡೆಯಾದ ತಿಂಗಳ ಕೊನೆಗೆ ಮಂಡ್ಯದ ಕಡೆಯ ಒಬ್ಬ ಗುಮಾಸ್ತರ ಫೋನು ಬಂತು: ‘ಏನ್ ಸಾ, ಈ ತಿಂಗ್ಳು ಲೆಕ್ಕದಲ್ಲಿ ಮೈಸೂರೇ ಬಂದಿಲ್ವಲ್ಲ?’

ನಾವು ಕಳಿಸುತ್ತಿದ್ದ ಮಾಸಿಕ ವರದಿಯನ್ನು ಅವರು ಎಕ್ಸೆಲ್ ಮ್ಯಾಕ್ರೊ (ಹಾಳೆಯ ಕೆಲಸವನ್ನು ತಾನೇ ಮಾಡುವ ಸಣ್ಣ ಪ್ರೋಗ್ರಾಂ) ಒಂದಕ್ಕೆ ತಿನ್ನಿಸುತ್ತಿದ್ದರು. ಅವರಿಗಿಂತ ಹಿಂದೆ ಇದ್ದವರು ಬರೆದಿಟ್ಟ ಮ್ಯಾಕ್ರೊ, ಬರೆದವರು ನಿವೃತ್ತರು. ಅದು ತಲೆಸಾಲಿನಲ್ಲಿ ಹಳೆಯ ಇಂಗ್ಲಿಷ್ ಕಾಗುಣಿತವನ್ನೇ ಹುಡುಕುತ್ತಿತ್ತು. ನಮ್ಮ ಆರು ಲಕ್ಷ ಸಾಲಿನಲ್ಲಿ ಆ ಮ್ಯಾಕ್ರೊ ಇರಲಿಲ್ಲ, ಯಾವ ಮರದ ಯಾವ ಎಲೆಯೂ ಅದರ ಸುಳಿವು ಕೊಡುತ್ತಿರಲಿಲ್ಲ. ಕ್ಲ್ಯಾಂಗ್‌ಎಂಆರ್ ಕಟ್ಟಿದವರಲ್ಲೊಬ್ಬರಾದ ಹೈರಮ್ ರೈಟ್ ಹೆಸರಿನಲ್ಲೇ ಒಂದು ನಿಯಮವಿದೆ: ಬಳಸುವವರು ಸಾಕಷ್ಟಿದ್ದರೆ, ನೀವು ಹೊರಗೆ ಕಾಣಿಸಿದ ಪ್ರತಿಯೊಂದನ್ನೂ ಯಾರೋ ಒಬ್ಬರು ನೆಚ್ಚಿಕೊಂಡಿರುತ್ತಾರೆ. ನಾನು ಆ ನಿಯಮವನ್ನು ಓದಿದ್ದು ಆಮೇಲೆ. ವರದಿಯ ತಲೆಸಾಲಿನಲ್ಲಿ ಹಳೆಯ ಕಾಗುಣಿತವನ್ನು ಮತ್ತೆ ಹಾಕಿ, ಪಕ್ಕದಲ್ಲಿ ‘ಇದನ್ನು ಬದಲಿಸಬೇಡಿ’ ಎಂದು ಕಾಮೆಂಟು ಬರೆದು ಕಳಿಸಿಕೊಟ್ಟೆ. ನಾನು ಆ ಕಂಪನಿ ಬಿಡುವ ದಿನವೂ ಆ ಸಾಲು ಅಲ್ಲೇ ಇತ್ತು.